ಆ ಮಗನ ಹೆಸರನ್ನೂ ಹೇಳೋಣ

ಮಾನ್ಯರೇ,

1965ರ ಯುದ್ಧದಲ್ಲಿ ಜನರಲ್ ಕಾರ್ಯಪ್ಪನವರ ಮಗ ಪಾಕಿಸ್ತಾನದ ಸೆರೆಯಾಳಾದದ್ದು, ಹಿಂದೆ ಕಾರ್ಯಪ್ಪನವರ ಕೈಕೆಳಗಿದ್ದ ಅಧ್ಯಕ್ಷ ಅಯೂಬ್ ಖಾನ್ ವಿಶೇಷ ಕಾಳಜಿ ತೋರಲು ಮುಂದಾದದ್ದು, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ ಎಂದು ತಂದೆ ಅದನ್ನು ಒಲ್ಲೆನೆಂದದ್ದು ನಮ್ಮಲ್ಲಿ ಮನೆಮಾತು. ಮೊನ್ನೆ ಶಾಲೆಯೊಂದರ ಸಮಾರಂಭದಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಈ ಪ್ರಸಂಗವನ್ನು ಕಣ್ಣಿಗೆ ಕಟ್ಟುವಂತೆ ಹೇಳಿದಳು. ವೇದಿಕೆಯಿಂದ ಇಳಿದವಳನ್ನು, ‘ಆ ಮಗನ ಹೆಸರೇನಮ್ಮಾ?’ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಶಿಕ್ಷಕರಿಗೂ ಗೊತ್ತಿರಲಿಲ್ಲ. ತಪ್ಪು ಅವರದಲ್ಲ; ನಾವು ಹಿರಿಯರು ಹೇಳಿಕೊಂಡು ಬಂದಿರುವುದೇ ಹಾಗೆ.

ಅವರು ಕೆ.ಸಿ. ಕಾರ್ಯಪ್ಪ, ಬಲ್ಲವರಿಗೆಲ್ಲ ನಂದಾ. ವಾಯುಪಡೆಯ 20ನೇ ಸ್ಕ್ವಾಡ್ರನ್ನಿನಲ್ಲಿ ಹಂಟರ್ ಯುದ್ಧವಿಮಾನ ಹಾರಿಸುತ್ತಿದ್ದ ಫ್ಲೈಟ್ ಲೆಫ್ಟಿನೆಂಟ್. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಒಂದು ದಿನವೂ ಉಳಿದಿರಲಿಲ್ಲ, ಕೆಳಗಿನಿಂದ ಬಂದ ಗುಂಡಿಗೆ ಅವರ ವಿಮಾನ ಉರುಳಿತು. ಅಂಥ ಹೊತ್ತಿನಲ್ಲಿ ಆಸನದಡಿಯ ಸ್ಫೋಟಕ ಸಿಡಿದು ಪೈಲಟ್‌ನನ್ನು ಆಸನಸಮೇತ ಆಕಾಶಕ್ಕೆ ಎಸೆಯುತ್ತದೆ. ಜೀವ ಉಳಿಯುತ್ತದೆ, ಆದರೆ ಆ ಹೊಡೆತವನ್ನು ತಾಳಬೇಕಾದದ್ದು ಬೆನ್ನುಮೂಳೆ. ನಂದಾ ಅವರು ಬೆನ್ನಿನ ಗಾಯದೊಂದಿಗೇ ಸೆರೆಸಿಕ್ಕರು. ಅಯೂಬರ ಮಗ ಸಿಗರೇಟು ಮತ್ತು ಒಂದು ಕಾದಂಬರಿ ಹಿಡಿದು ಅವರನ್ನು ನೋಡಲು ಬಂದಿದ್ದರಂತೆ. ಬಿಡುಗಡೆ ಮಾತ್ರ ಉಳಿದವರಂತೆಯೇ ನಾಲ್ಕು ತಿಂಗಳು ಕಾದ ಮೇಲೆ, 1966ರ ಜನವರಿಯಲ್ಲಿ.

ನಮ್ಮ ಭಾಷಣಗಳು ಇಲ್ಲಿಗೇ ನಿಲ್ಲುತ್ತವೆ. ಅವರು ನಿಲ್ಲಲಿಲ್ಲ. ಆ ಬೆನ್ನಿಟ್ಟುಕೊಂಡು ಯುದ್ಧವಿಮಾನ ಹಾರಿಸುವುದು ಆಗದಿದ್ದಾಗ ಹೆಲಿಕಾಪ್ಟರ್‌ಗೆ ಬಂದರು. ಸೆರೆಯಿಂದ ಮರಳಿ ಆರು ವರ್ಷವೂ ಆಗಿರಲಿಲ್ಲ, 1971ರ ಯುದ್ಧದಲ್ಲಿ ಪೂರ್ವ ರಂಗದಲ್ಲಿ ಹೆಲಿಕಾಪ್ಟರ್ ಘಟಕವೊಂದನ್ನು ಮುನ್ನಡೆಸಿದರು. ಮುಂದೆ ಏರ್ ಮಾರ್ಷಲ್ ಹುದ್ದೆಯವರೆಗೆ ಏರಿದರು. ಒಮ್ಮೆ ಶತ್ರುವಿನ ನೆಲಕ್ಕೆ ಬಿದ್ದು, ಸೆರೆ ಕಂಡು ಬಂದವರು ಮತ್ತೆ ಯುದ್ಧದ ಆಕಾಶಕ್ಕೆ ಏರುವುದೆಂದರೆ ಏನು ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ತಂದೆಯ ಮಾತು ದೊಡ್ಡದು, ಅನುಮಾನವಿಲ್ಲ. ಆದರೆ ಆ ಮಾತಿನ ಬೆಲೆಯನ್ನು ಸೆರೆಯಲ್ಲಿ ಕುಳಿತು ತೆತ್ತವರು ಮಗ. ಈ ಸೆಪ್ಟೆಂಬರ್ 22ರಂದು ತಮ್ಮ ಪತ್ರಿಕೆಯ ವಿದ್ಯಾರ್ಥಿಗಳ ಪುಟದಲ್ಲಿ ನಂದಾ ಕಾರ್ಯಪ್ಪನವರ ಸೇವೆಯ ಪೂರ್ಣ ಕಥೆಯನ್ನು ಅವರ ಚಿತ್ರದೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ. ಒಂದು ಪ್ರತಿಯನ್ನು ನಾನೇ ಆ ಹುಡುಗಿಗೆ ತಲುಪಿಸುತ್ತೇನೆ.

– ನಿವೃತ್ತ ಶಿಕ್ಷಕ, ಕೊಡಗು