ಇನ್ನು ಎಲ್ಲ ಮನೆಗೂ ಒಂದೇ ವೈಫೈ ಬಾಕ್ಸ್ ಇಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆಯ ನಮ್ಮ ಎಲ್ಲ ಇಂಟರ್ನೆಟ್ ಗ್ರಾಹಕರಿಗೆ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ, ಕಾರಣ ಆಮೇಲೆ. ಮುಂದಿನ ತಿಂಗಳಿನಿಂದ ಎಲ್ಲ ಮನೆಗೂ ಒಂದೇ ಜಾತಿಯ ವೈಫೈ ರೂಟರ್ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಎರಡು ಕೋಡಿನ (ಆಂಟೆನಾದ) ಆ ಬಿಳಿ ಬಾಕ್ಸ್ ಇನ್ನು ಹೊಸ ಕನೆಕ್ಷನ್‌ಗೆ ಬರುವುದಿಲ್ಲ. ನಮ್ಮ ಹುಡುಗ ಮೊದಲು ಮನೆಗೆ ಬಂದು ನೋಡುತ್ತಾನೆ. ಗೋಡೆ ಎಂಥದು, ಕೋಣೆ ಎಷ್ಟು, ಯಾರು ಎಲ್ಲಿ ಕೂತು ಫೋನ್ ನೋಡುತ್ತಾರೆ ಅಂತ ಕೇಳುತ್ತಾನೆ. ಯಾವ ರೂಟರ್, ಎಲ್ಲಿ ಇಡುವುದು, ಒಂದು ಸಾಕಾ ಎರಡು ಬೇಕಾ ಎಂಬ ತೀರ್ಮಾನ ಅದರ ಮೇಲೆ. 100 ಎಂಬಿಪಿಎಸ್‌ಗಿಂತ (ಎಂಬಿಪಿಎಸ್ ಅಂದರೆ ನೆಟ್ ವೇಗದ ಅಳತೆ) ದೊಡ್ಡ ಪ್ಲಾನ್ ತೆಗೆದುಕೊಂಡು ಇನ್ನೂ ಹಳೇ ಬಾಕ್ಸಿನಲ್ಲೇ ಇರುವವರಿಗೆ ನಾವಾಗಿಯೇ ಬದಲಿಸಿ ಕೊಡುತ್ತೇವೆ. ಅದಕ್ಕೆ ದುಡ್ಡಿಲ್ಲ. ತಪ್ಪು ನಮ್ಮದು, ದುಡ್ಡು ಕೇಳುವುದು ಹೇಗೆ?

ತಪ್ಪು ಎಲ್ಲಿ ಶುರುವಾಯಿತು ಎಂದು ಹೇಳುತ್ತೇವೆ. 2020ರ ಜೂನ್ 1ಕ್ಕೆ ಕೇರಳ ಸರಕಾರದ ವಿಕ್ಟರ್ಸ್ ಚಾನೆಲ್‌ನಲ್ಲಿ ಮಕ್ಕಳ ಆನ್‌ಲೈನ್ ತರಗತಿ ಆರಂಭವಾಯಿತು. ಅಲ್ಲಿಯ ತನಕ ನಮಗೆ ಟಿವಿ ಕೇಬಲ್ಲೇ ದೊಡ್ಡ ಕೆಲಸ, ಇಂಟರ್ನೆಟ್ ಅಂದರೆ ಪೇಟೆಯ ನಾಲ್ಕು ಅಂಗಡಿ, ಒಂದೆರಡು ಆಫೀಸು. ಆ ತಿಂಗಳು ಎಲ್ಲರಿಗೂ ನಾಳೆಯೇ ಕನೆಕ್ಷನ್ ಬೇಕಿತ್ತು. ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಆ ಬಿಳಿ ಬಾಕ್ಸ್, ಅದೂ ರಟ್ಟಿನ ಪೆಟ್ಟಿಗೆ ಲೆಕ್ಕದಲ್ಲಿ. ತಂದೆವು, ಹಾಕಿದೆವು. ಮಕ್ಕಳ ಪಾಠ ನಡೆಯಿತು, ಆಗಿನ ಮಟ್ಟಿಗೆ ಅದು ಸರಿಯೇ. ಆದರೆ ಆಮೇಲೆ ಫೋನುಗಳು ಬದಲಾದವು, ಮನೆಗೆ ಸ್ಮಾರ್ಟ್ ಟಿವಿ ಬಂತು, ಅಂಗಳಕ್ಕೆ ಕ್ಯಾಮರಾ ಬಂತು, ಪ್ಲಾನೂ ದೊಡ್ಡದಾಯಿತು. ಬಾಕ್ಸ್ ಮಾತ್ರ ಅದೇ ಉಳಿಯಿತು. "ನೆಟ್ ನಿಧಾನ" ಅಂತ ಫೋನ್ ಬಂದಾಗಲೆಲ್ಲ ನಾವು ಆಫೀಸಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದೆವು: "ಮುಂದಿನ ಪ್ಲಾನ್ ಹಾಕಿಸಿ, ಸರಿಯಾಗುತ್ತದೆ."

ಸರಿಯಾಗುತ್ತಿರಲಿಲ್ಲ. ನಮಗೆ ಅದು ಗೊತ್ತಾದದ್ದು ತೋಟದ ನಡುವಿನ ಒಂದು ಮನೆಯಲ್ಲಿ. ಅಮ್ಮ ಟೀಚರ್, ಮಗ ಬೆಂಗಳೂರಿನ ಕಂಪೆನಿಯ ಕೆಲಸವನ್ನು ಉಪ್ಪರಿಗೆಯ ಕೋಣೆಯಲ್ಲಿ ಕೂತು ಮಾಡುವವರು. ಮೀಟಿಂಗ್ ಮಧ್ಯೆ ಮುಖ ಹೆಪ್ಪುಗಟ್ಟಿದ ಹಾಗೆ ನಿಂತುಬಿಡುತ್ತದೆ ಎಂದು ದೂರು. 50ರ ಪ್ಲಾನ್ ಇತ್ತು, 100 ಮಾಡಿಸಿದೆವು. ಮತ್ತೂ ದೂರು. 150 ಮಾಡಿಸಿದೆವು. ಒಂದು ದಿನ ಆ ಮಗನೇ ಚಾವಡಿಗೆ ಇಳಿದು ಬಂದು, ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ಸ್ಪೀಡ್ ನೋಡಿದ್ದಾರೆ. 94. ಹತ್ತು ಸಲ ನೋಡಿದರೂ 94. ಆಮೇಲೆ ನಮಗೆ ಫೋನ್: "ನೀವು 150ರ ದುಡ್ಡು ತೆಗೆದುಕೊಳ್ಳುತ್ತೀರಿ ಮಾರಾಯ್ರೇ, ನಿಮ್ಮ ಬಾಕ್ಸ್ 94 ದಾಟುವುದಿಲ್ಲವಲ್ಲ?"

ಲೈನಿನ ತೊಂದರೆ ಇರಬೇಕು ಅಂದುಕೊಂಡು ಹೋದೆವು. ಫೈಬರಿನಲ್ಲಿ ಬರುವ ಬೆಳಕು ಅಳೆದರೆ ಮೈನಸ್ 21 ಡಿಬಿಎಂ (ಬೆಳಕಿನ ಬಲದ ಅಳತೆ). ಮೈನಸ್ 27ರ ತನಕ ನಡೆಯುತ್ತದೆ, ಹಾಗಾಗಿ ಲೈನ್ ಚೊಕ್ಕ. ಕೊನೆಗೆ ಬಾಕ್ಸನ್ನು ಮಗುಚಿ ನೋಡಿದೆವು. ಮುಂದೆ ದಪ್ಪ ಅಕ್ಷರದಲ್ಲಿ 300 ಎಂದಿದೆ. ಹಿಂದೆ ಕೇಬಲ್ ಸಿಕ್ಕಿಸುವ ಪೋರ್ಟ್ 100ರದ್ದು. ಆ 100ರಲ್ಲೂ ಡೇಟಾವನ್ನು ಪೊಟ್ಟಣ ಕಟ್ಟಿ ವಿಳಾಸ ಬರೆಯುವುದಕ್ಕೆ ಸ್ವಲ್ಪ ಹೋಗುತ್ತದೆ, ಉಳಿಯುವುದು 94ರ ಆಸುಪಾಸು. ನಾವು ಕೊಡಪಾನದ ಬಾಯಿ ಚಿಕ್ಕದಿಟ್ಟು ನಳ್ಳಿ ದೊಡ್ಡದು ಮಾಡುತ್ತಾ ಬಂದಿದ್ದೆವು. ಇನ್ನು ಉಪ್ಪರಿಗೆಯಲ್ಲಿ ವೈಫೈಯಲ್ಲಿ ಸಿಗುತ್ತಿದ್ದದ್ದು 9. ಅದಕ್ಕೆ ಪ್ಲಾನ್ 50 ಆದರೇನು, 150 ಆದರೇನು?

ಆ 9ಕ್ಕೆ ಕಾರಣ ಗೋಡೆ. ನಮ್ಮ ಕಡೆಯ ಹಳೇ ಮನೆಗಳು ಮುರಕಲ್ಲಿನವು. ಬೇಸಗೆಯಲ್ಲಿ ತಂಪು, ವೈಫೈಗೆ ಮಾತ್ರ ಕೋಟೆ. ಮಳೆಗಾಲದಲ್ಲಿ ನೀರು ಕುಡಿದ ಗೋಡೆ ಇನ್ನೂ ಕಷ್ಟ. ವೈಫೈಗೆ ಮುಖ್ಯವಾಗಿ ಎರಡು ದಾರಿ ಇವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಯನ್ನೂ ಒಂದು ಮಟ್ಟಿಗೆ ದಾಟುತ್ತದೆ. ಆದರೆ ಅದು ಇಕ್ಕಟ್ಟಿನ ರಸ್ತೆ. ಒಂದಕ್ಕೊಂದು ತಾಗದ ಹಾಗೆ ಬಳಸಲು ಅದರಲ್ಲಿ ಇರುವುದು ಮೂರೇ ಚಾನೆಲ್: 1, 6, 11. ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಒಲೆಯ ಗಲಾಟೆಯೂ ಅಲ್ಲೇ. ಪೇಟೆಯ ಫ್ಲ್ಯಾಟ್ ಆದರೆ ಅಕ್ಕಪಕ್ಕದ ಹತ್ತು ಮನೆಯ ರೂಟರುಗಳೂ ಅಲ್ಲೇ. 5 ಗಿಗಾಹರ್ಟ್ಸ್ ಅಗಲದ ರಸ್ತೆ, ವೇಗ ಜಾಸ್ತಿ, ಆದರೆ ದಪ್ಪ ಗೋಡೆ ಸಿಕ್ಕಿದರೆ ಸೋಲುತ್ತದೆ. ನಮ್ಮ ಬಿಳಿ ಬಾಕ್ಸಿನಲ್ಲಿ ಇದ್ದದ್ದು ಮೊದಲನೆಯದು ಮಾತ್ರ. ಹೊಸತರಲ್ಲಿ ಎರಡೂ ಇವೆ. ಅದನ್ನೇ ಡ್ಯುಯಲ್ ಬ್ಯಾಂಡ್ ಅನ್ನುವುದು.

ಹಾಗಂತ ಹೊಸ ರೂಟರ್ ಇಟ್ಟ ಕೂಡಲೇ ಮುರಕಲ್ಲು ಕರಗುವುದಿಲ್ಲ. ಆ ಟೀಚರ ಮನೆಯಲ್ಲಿ ಕೆಲಸ ಮಾಡಿದ್ದು ರೂಟರಿಗಿಂತ ಹೆಚ್ಚಾಗಿ ಒಂದು ಕೇಬಲ್. ಚಾವಡಿಯಿಂದ ಉಪ್ಪರಿಗೆಗೆ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಎಳೆದು, ಅಲ್ಲಿ ಎರಡನೇ ಬಾಕ್ಸ್ ಇಟ್ಟೆವು. ಈ ಕೇಬಲ್ 100 ಮೀಟರ್ ತನಕ ಸ್ಪೀಡ್ ಬಿಡದೆ ಒಯ್ಯುತ್ತದೆ. ಹೆಚ್ಚಿನ ಮನೆಗಳಲ್ಲಿ ಕೊಟ್ಟಿಗೆಯ ಕ್ಯಾಮರಾಕ್ಕೂ ಅಷ್ಟು ಸಾಕು. ವೈಫೈಯನ್ನು ಹಿಡಿದು ಮುಂದಕ್ಕೆ ದಾಟಿಸುವ, ಗೋಡೆಗೆ ಸಿಕ್ಕಿಸುವ ಸಣ್ಣ ರಿಪೀಟರ್ ಕಡಿಮೆ ಬೆಲೆಗೆ ಸಿಗುತ್ತದೆ ನಿಜ. ಆದರೆ ಅದು ಒಂದೇ ಬ್ಯಾಂಡಿನಲ್ಲಿ ಕೇಳಿ ಅದೇ ಬ್ಯಾಂಡಿನಲ್ಲಿ ಹೇಳಬೇಕು, ಸ್ಪೀಡ್ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತದೆ. ಮೆಶ್ ಎಂದು ಮಾರುವ ಜೋಡಿ ಬಾಕ್ಸ್ ಚೆನ್ನಾಗಿರುತ್ತದೆ. ಅದಕ್ಕೂ ನಡುವೆ ಕೇಬಲ್ ಕೊಟ್ಟರೇ ಚಂದ. ಗೋಡೆಯಲ್ಲಿ ತೂತು ಕೊರೆಯುವುದು ಯಾರಿಗೂ ಇಷ್ಟವಿಲ್ಲ, ನಮಗೂ ಇಲ್ಲ. ಆದರೂ ಹೇಳುತ್ತಿದ್ದೇವೆ.

ಅದಕ್ಕೂ ಮೊದಲು, ಇವತ್ತೇ, ದುಡ್ಡಿಲ್ಲದೆ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಬಾಕ್ಸ್ ಎಲ್ಲಿದೆ ನೋಡಿ. ಟಿವಿಯ ಹಿಂದೆಯಾ? ಕಬ್ಬಿಣದ ಕಪಾಟಿನ ಮೇಲೆಯಾ? ಚಂದ ಕಾಣುವುದಿಲ್ಲ ಅಂತ ಶೋಕೇಸಿನ ಒಳಗೆ ಹಾಕಿ ಗಾಜು ಮುಚ್ಚಿದ್ದೀರಾ? ಕನ್ನಡಿ, ಲೋಹ, ನೀರಿನ ಟ್ಯಾಂಕಿ, ತಾರಸಿಯ ಮೇಲೆ ಹಾಕಿದ ತಗಡಿನ ಶೀಟು, ಇವೆಲ್ಲ ಅಡ್ಡ. ಮನೆಯ ಮಧ್ಯಕ್ಕೆ, ತಲೆಯೆತ್ತರದಲ್ಲಿ, ಗಾಳಿಯಾಡುವಲ್ಲಿ ಇಡಿ. ಫೈಬರ್ ಬಂದ ಮೂಲೆಯಲ್ಲೇ ರೂಟರ್ ಇರಬೇಕೆಂದಿಲ್ಲ. ನಾವು ಹಾಗೆ ಇಟ್ಟದ್ದು ಕೇಬಲ್ ಉಳಿಸಲು, ಅಷ್ಟೇ.

ಯಾರು ಬದಲಿಸಬೇಕಿಲ್ಲ ಎಂದೂ ಹೇಳಬೇಕು. ಮನೆಯಲ್ಲಿ ಇಬ್ಬರು, 50ರ ಪ್ಲಾನ್, ವಾಟ್ಸಾಪು, ಸಂಜೆ ಒಂದು ಯಕ್ಷಗಾನ ಲೈವ್, ತೊಂದರೆ ಏನೂ ಇಲ್ಲ ಅಂದರೆ ಸುಮ್ನೆ ಖರ್ಚು ಮಾಡಬೇಡಿ. ಹಳೇ ಬಾಕ್ಸ್ ಕೆಟ್ಟುಹೋದ ದಿನ ಬದಲಿಸಿದರೆ ಸಾಕು. ಒಂದು ಚಿತ್ರ ನೋಡಲು 5ರಿಂದ 10 ಎಂಬಿಪಿಎಸ್ ಧಾರಾಳ. ಇದನ್ನು ಹೇಳಿದರೆ ನಮ್ಮ ವ್ಯಾಪಾರಕ್ಕೆ ಪೆಟ್ಟು ಅಂತ ಆಫೀಸಿನಲ್ಲಿ ಚರ್ಚೆ ಆಯಿತು. ಆಗಲಿ.

ರೂಟರ್ ನಮ್ಮಿಂದಲೇ ತೆಗೆದುಕೊಳ್ಳಬೇಕು ಎಂಬ ನಿಯಮವೂ ಹೋಯಿತು. ಫೈಬರ್ ಬರುವ ಸಣ್ಣ ಬಾಕ್ಸ್ ನಮ್ಮದೇ ಇರಬೇಕು, ಅದರ ನಂಬರ್ ನಮ್ಮ ಮೆಷೀನಿನಲ್ಲಿ ದಾಖಲಾಗಿರುತ್ತದೆ. ಅದರ ಮುಂದಿನ ವೈಫೈ ರೂಟರ್ ನಿಮ್ಮಿಷ್ಟ. ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಆನ್‌ಲೈನಿನಲ್ಲೋ ಕೊಳ್ಳಿ. ಯೂಸರ್ ನೇಮ್, ಪಾಸ್‌ವರ್ಡ್ ನಾವು ಕೊಡುತ್ತೇವೆ. ಸೆಟ್ಟಿಂಗ್ ಮಾಡಿಯೂ ಕೊಡುತ್ತೇವೆ.

ಕೊಳ್ಳುವಾಗ ಎರಡು ಕಡೆ ಮೋಸ ಹೋಗುವುದುಂಟು. ಒಂದು, ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ. ಎಸಿ 1200 (ಎಸಿ ಅಂದರೆ ವೈಫೈಯ ಐದನೇ ತಲೆಮಾರು) ಎಂದಿದ್ದರೆ ಅದು 2.4ರ 300, 5ರ 867 ಎರಡನ್ನೂ ಕೂಡಿಸಿದ ಲೆಕ್ಕ. ಎಎಕ್ಸ್ 1500 ಅಂದರೆ 300 ಮತ್ತು 1201. ನಿಮ್ಮ ಫೋನ್ ಒಂದು ಹೊತ್ತಿಗೆ ಒಂದರಲ್ಲೇ ಇರುವುದು, ಅದರಲ್ಲೂ ಕೈಗೆ ಸಿಗುವುದು ಸುಮಾರು ಅರ್ಧ. ಎರಡನೆಯದು ನಮ್ಮನ್ನೇ ಬೀಳಿಸಿದ ಹೊಂಡ, ಪೋರ್ಟ್. 1200 ಎಂದು ಬರೆದ ರೂಟರಿನಲ್ಲೂ ಹಿಂದಿನ ಪೋರ್ಟ್ 100ರದ್ದೇ ಇರುವ ಮಾದರಿಗಳು ಅಂಗಡಿಯಲ್ಲಿವೆ. "ಗಿಗಾಬಿಟ್ ಪೋರ್ಟ್" (ಅಂದರೆ 1000ರದ್ದು) ಎಂದು ಇದೆಯಾ ಅಂತ ಓದಿ, ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಕೋಡು ಎಷ್ಟಿವೆ ಎಂದು ಎಣಿಸಬೇಡಿ. ಆರು ಕೋಡಿದ್ದರೆ ಆರು ಪಟ್ಟು ದೂರ ಹೋಗುವುದಿಲ್ಲ.

ವೈಫೈ 6 (ಡಬ್ಬಿಯ ಮೇಲೆ ಎಎಕ್ಸ್ ಎಂದು ಬರೆಯುವ ತಲೆಮಾರು) ಸಾಕು ಎಂದು ನಮ್ಮ ಅಭಿಪ್ರಾಯ. 2019ರಿಂದ ಅದರ ಸರ್ಟಿಫಿಕೇಟ್ ಇರುವ ರೂಟರುಗಳು ಬರುತ್ತಿವೆ, ಬೆಲೆಯೂ ಇಳಿದಿದೆ. ಒಂದೇ ಹೊತ್ತಿಗೆ ಹತ್ತಾರು ಫೋನು, ಟಿವಿ ಇರುವ ಕೂಡುಕುಟುಂಬಕ್ಕೆ ಅದರ ಉಪಯೋಗ ಚೆನ್ನಾಗಿ ಕಾಣುತ್ತದೆ. ವೈಫೈ 7 ಕೂಡ 2024ರಲ್ಲಿ ಬಂತು. ಆದರೆ ಫೋನೂ ಅದೇ ತಲೆಮಾರಿನದ್ದಾಗಬೇಕು, 100ರ ಪ್ಲಾನಿಗೆ ಅದು ಅಡಿಕೆ ಒಡೆಯಲು ಸುತ್ತಿಗೆ ತಂದ ಹಾಗೆ.

ಗಲ್ಫಿನಿಂದ ಮಗನೋ ಅಳಿಯನೋ ತಂದ ರೂಟರ್ ಹಿಡಿದು ಆಫೀಸಿಗೆ ಬರುವವರು ತುಂಬಾ ಇದ್ದಾರೆ. ಅಂಗಡಿಯಲ್ಲಿ ಕೊಂಡದ್ದಾದರೆ ಹೆಚ್ಚಾಗಿ ನಡೆಯುತ್ತದೆ, ಮೂರು ಚಪ್ಪಟೆ ಕಡ್ಡಿಯ ಪ್ಲಗ್ಗಿಗೆ ಒಂದು ಅಡಾಪ್ಟರ್ ಬೇಕು ಅಷ್ಟೇ. ಆದರೆ ಅಲ್ಲಿನ ಫೋನ್ ಕಂಪೆನಿ ಮನೆಗೆ ಕೊಟ್ಟ ಬಾಕ್ಸ್ ಹಲವು ಸಲ ಆ ಕಂಪೆನಿಗೇ ಲಾಕ್ ಆಗಿರುತ್ತದೆ. ಅದನ್ನು ಸೂಟ್‌ಕೇಸಿನಲ್ಲಿ ಹೊತ್ತು ತರುವ ಮೊದಲು ನಮಗೊಂದು ಫೋಟೋ ಕಳಿಸಿ. ಆ ಜಾಗದಲ್ಲಿ ಖರ್ಜೂರ ತರಬಹುದಿತ್ತು ಎಂದು ಆಮೇಲೆ ಬೇಸರ ಬೇಡ.

ಹೊಸ ರೂಟರ್ ಹಾಕುವಾಗ 2.4 ಅನ್ನು ಆಫ್ ಮಾಡಬೇಡಿ. ಅಂಗಳದ ಕ್ಯಾಮರಾ, ಪ್ರಿಂಟರ್, ಹಳೇ ಫೋನುಗಳಲ್ಲಿ ಬಹಳಷ್ಟಕ್ಕೆ ಅದೊಂದೇ ಗೊತ್ತು. ಇನ್ನೊಂದು ಒಪ್ಪಿಕೊಳ್ಳಬೇಕಾದ ವಿಷಯ: ಆ ಗಡಿಬಿಡಿಯ ಕಾಲದಲ್ಲಿ ನೆನಪಿಡಲು ಸುಲಭ ಅಂತ ನಾವು ಬಹಳ ಮನೆಗಳಲ್ಲಿ ವೈಫೈ ಪಾಸ್‌ವರ್ಡನ್ನು ನಿಮ್ಮ ಮೊಬೈಲ್ ನಂಬರೇ ಇಟ್ಟಿದ್ದೇವೆ. ನಿಮ್ಮ ನಂಬರ್ ಊರಿಗೆಲ್ಲ ಗೊತ್ತು, ಅಲ್ವಾ? ದಯವಿಟ್ಟು ಬದಲಿಸಿ. ಬರುವುದಿಲ್ಲವಾದರೆ ಹುಡುಗರು ಬಂದಾಗ ಹೇಳಿ. ಹೊಸ ಪಾಸ್‌ವರ್ಡ್ ಅವರ ಎದುರಲ್ಲಿ ನೀವೇ ಒತ್ತಿ, ಅವರಿಗೂ ಹೇಳಬೇಡಿ.

ಸಿಡಿಲಿನ ವಿಷಯ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ಮನೆಗೆ ಬರುವ ಫೈಬರನ್ನು ಹೊತ್ತು ನಿಲ್ಲಿಸುವುದು ಉಕ್ಕಿನ ತಂತಿ. ಅದನ್ನು ಗೋಡೆಯ ಹೊರಗೇ ನಿಲ್ಲಿಸಿ, ಬರಿಯ ಫೈಬರನ್ನಷ್ಟೇ ಒಳಗೆ ತರಬೇಕು. ಹಳೇ ಕೆಲವು ಮನೆಗಳಲ್ಲಿ ತಂತಿ ಒಳಗೇ ಬಂದಿದೆ, ಈ ಸಲದ ಭೇಟಿಯಲ್ಲಿ ಅದನ್ನೂ ಸರಿ ಮಾಡುತ್ತೇವೆ. ರೂಟರ್ ಹೆಚ್ಚಾಗಿ ಸುಡುವುದು ಕರೆಂಟಿನ ಅಡಾಪ್ಟರ್ ದಾರಿಯಿಂದ. ಮಳೆಗಾಲದ ಮೊದಲು ಮತ್ತು ತುಲಾ ತಿಂಗಳಿನಲ್ಲಿ (ಅಕ್ಟೋಬರ್-ನವೆಂಬರ್) ಸಂಜೆ ಗುಡುಗು ಕೇಳಿದ ಕೂಡಲೇ ಪ್ಲಗ್ ಎಳೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕರೆಂಟ್ ಹೋದಾಗಲೂ ನೆಟ್ ಬೇಕು ಅನ್ನುವವರು 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿಸಿ. ಆದರೆ ಅಡಾಪ್ಟರಿನ ಮೇಲೆ 1 ಆಂಪಿಯರ್ ಇದೆಯಾ 2 ಇದೆಯಾ ನೋಡಿಕೊಂಡು ಅಷ್ಟಾದರೂ ಕೊಡುವಂಥದ್ದನ್ನೇ ತನ್ನಿ. ಫೈಬರ್ ಬಾಕ್ಸಿಗೂ ಕರೆಂಟ್ ಬೇಕು ಎಂಬುದು ಮರೆಯಬೇಡಿ, ರೂಟರ್ ಒಂದಕ್ಕೇ ಕರೆಂಟ್ ಇದ್ದರೆ ನೆಟ್ ಬರುವುದಿಲ್ಲ.

ಇನ್ನು ದುಡ್ಡಿನ ಮಾತು. 100ಕ್ಕಿಂತ ಮೇಲಿನ ಪ್ಲಾನಿಗೆ ಹಣ ಕಟ್ಟಿ 100ರ ಬಾಕ್ಸಿನಲ್ಲಿ ಇದ್ದವರಿಗೆ, ಅಷ್ಟು ತಿಂಗಳ ವ್ಯತ್ಯಾಸವನ್ನು ಮುಂದಿನ ಬಿಲ್ಲುಗಳಲ್ಲಿ ಕಳೆದುಕೊಡುತ್ತೇವೆ. ನೀವು ಕೇಳಬೇಕೆಂದಿಲ್ಲ, ಪುಸ್ತಕ ನೋಡಿ ನಾವೇ ಲೆಕ್ಕ ಹಾಕುತ್ತಿದ್ದೇವೆ. ಹಳೇ ಗ್ರಾಹಕರ ಡೆಪಾಸಿಟ್ ಹಾಗೇ ಇರುತ್ತದೆ. ಹೊಸ ಕನೆಕ್ಷನ್ ಡೆಪಾಸಿಟ್ ಜಾಸ್ತಿಯಾಗುತ್ತದೆ, ಡ್ಯುಯಲ್ ಬ್ಯಾಂಡ್ ಬಾಕ್ಸಿನ ಬೆಲೆ ಜಾಸ್ತಿ, ಬೇರೆ ದಾರಿ ಇಲ್ಲ. ಎರಡನೇ ಬಾಕ್ಸ್ ಬೇಕಾದ ಮನೆಗೆ ಬಾಕ್ಸ್ ಮತ್ತು ಕೇಬಲ್ ಖರ್ಚು ನಿಮ್ಮದು, ಎಳೆಯುವ ಕೂಲಿ ನಮ್ಮದು. ಸ್ವಂತ ರೂಟರ್ ಇಟ್ಟುಕೊಳ್ಳುವವರು ನಮ್ಮ ಬಾಕ್ಸ್ ವಾಪಸ್ ಕೊಟ್ಟರೆ ಡೆಪಾಸಿಟ್ ವಾಪಸ್. ಕೆಟ್ಟ ಬಾಕ್ಸನ್ನು ಹೊಂಡಕ್ಕೆ ಎಸೆಯಬೇಡಿ, ಅಡಾಪ್ಟರ್ ಸಮೇತ ಕೊಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ನಾವು ಒಟ್ಟಿಗೆ ಕೊಡುತ್ತೇವೆ.

ಇನ್ನೊಂದು ಸಣ್ಣ ಬದಲಾವಣೆ. ಬಿಲ್ಲಿನ ಮೆಸೇಜು ಇಷ್ಟು ದಿನ ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಬರುತ್ತಿತ್ತು. ಕನ್ನಡ ಬೇಕು ಎಂದು ಕೇಳಿದವರಿಗೆ ಇನ್ನು ಕನ್ನಡದಲ್ಲೇ ಬರುತ್ತದೆ. ಆಫೀಸಿಗೆ ಫೋನ್ ಮಾಡಿ ಹೇಳಿದರೆ ಸಾಕು.

ಮನೆ ನೋಡುವ ಕೆಲಸ ದೊಡ್ಡ ಪ್ಲಾನಿನವರಿಂದ ಶುರು, ಆಮೇಲೆ ಲೈನ್ ಲೈನಾಗಿ ಎಲ್ಲರ ಮನೆಗೆ. ಹುಡುಗರಿಗೆ ತುಳು, ಮಲಯಾಳ, ಕನ್ನಡ ಮೂರೂ ಬರುತ್ತದೆ, ಮೂರರಲ್ಲೂ ಬೈಸಿಕೊಂಡು ಅಭ್ಯಾಸವೂ ಇದೆ. ಹಿಂದಿನ ದಿನ ಫೋನ್ ಮಾಡಿಯೇ ಬರುತ್ತಾರೆ. ಆ ಹೊತ್ತಿಗೆ ದಯವಿಟ್ಟು ನಾಯಿಯನ್ನು ಕಟ್ಟಿ ಹಾಕಿರಿ.

ಇಂತಿ,
ನಿಮ್ಮ ಕೇಬಲ್ ಮತ್ತು ಇಂಟರ್ನೆಟ್ ಆಫೀಸಿನವರು