ಬಾಡಿಗೆ ಏರಿಸುವ ಮೊದಲು ಕೇಳಿ: ನಮ್ಮ ಕೌನ್ಸಿಲ್‌ನಲ್ಲಿ ವಸತಿಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೌನ್ಸಿಲರ್ ಅವರಿಗೆ,

ಸಾದರ ವಂದನೆಗಳು.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಇದನ್ನೇ ಕನ್ನಡದಲ್ಲಿಯೂ ಬರೆಯಲು ಕಾರಣವಿದೆ. ಇಂಗ್ಲೆಂಡಿನ ಕನ್ನಡಿಗರೆಂದರೆ ಸ್ವಂತ ಮನೆ ಮಾಡಿಕೊಂಡ ವೈದ್ಯರು, ಸಾಫ್ಟ್‌ವೇರ್‌ನವರು ಎಂಬ ಭಾವನೆ ನಮ್ಮವರಲ್ಲೇ ಇದೆ. ಸ್ಥಳೀಯ ಆಡಳಿತವಾದ ಕೌನ್ಸಿಲ್ ಬಾಡಿಗೆಗೆ ಕೊಡುವ ಮನೆಯಲ್ಲಿ ವಾರವಾರ ಬಾಡಿಗೆ ಕಟ್ಟಿಕೊಂಡು, ಆಸ್ಪತ್ರೆಯ ವಾರ್ಡಿನಲ್ಲೋ ಶಾಲೆಯ ಅಡುಗೆಮನೆಯಲ್ಲೋ ದುಡಿಯುವ ಕನ್ನಡಿಗರೂ ಇದ್ದೇವೆ. ಅಂಥವರು ತಮ್ಮ ತಮ್ಮ ಕೌನ್ಸಿಲ್‌ಗಳನ್ನೂ ಬಾಡಿಗೆ ಏರಿಸುವ ಮೊದಲು ನಮ್ಮನ್ನು ನಿಜವಾಗಿ ಕೇಳುತ್ತೀರಾ ಎಂಬ ಇದೇ ಪ್ರಶ್ನೆ ಕೇಳಲಿ ಎಂಬುದು ನನ್ನ ಆಸೆ.

ಫೆಬ್ರವರಿಯ ಕೊನೆಯ ವಾರ ನನಗೆ ಬಂದ ನೋಟಿಸಿನ ಪ್ರಕಾರ, ವಾರಕ್ಕೆ 115 ಪೌಂಡ್ ಇದ್ದ ಬಾಡಿಗೆ ಏಪ್ರಿಲ್‌ನಿಂದ 120 ಪೌಂಡ್ 52 ಪೆನ್ಸ್ ಆಗಿದೆ. ಲೆಕ್ಕದಲ್ಲಿ ತಪ್ಪಿಲ್ಲ. 2025ರ ಸೆಪ್ಟೆಂಬರಿನ ಹಣದುಬ್ಬರ ಶೇ 3.8, ಅದರ ಮೇಲೆ ಶೇ 1, ಒಟ್ಟು ಶೇ 4.8, ಸರ್ಕಾರ ಹಾಕಿಕೊಟ್ಟ ಗೆರೆಯವರೆಗೆ ನೀವು ಹೋಗಿದ್ದೀರಿ, ಗೆರೆ ದಾಟಿಲ್ಲ. ನೋಟಿಸಿನ ಎರಡನೆಯ ಪುಟದಲ್ಲಿ ಮಾತ್ರ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು: ಬಾಡಿಗೆದಾರರೊಂದಿಗೆ ಸಮಾಲೋಚನೆ ನಡೆಸಿದ ನಂತರ ಈ ನಿರ್ಧಾರ ಕೈಗೊಳ್ಳಲಾಗಿದೆ ಎಂದು ಅಲ್ಲಿ ಬರೆದಿತ್ತು.

ಆ ಸಮಾಲೋಚನೆ ಹೇಗೆ ನಡೆಯಿತೆಂದು ನಿಮಗೆ ಯಾರೂ ಹೇಳಿರಲಾರರು. ಡಿಸೆಂಬರ್ 18ಕ್ಕೆ ಆನ್‌ಲೈನ್ ಪ್ರಶ್ನಾವಳಿ ತೆರೆಯಿತು, ಜನವರಿ 5ಕ್ಕೆ ಮುಚ್ಚಿತು. ನಡುವೆ ಕ್ರಿಸ್‌ಮಸ್ಸೂ ಹೊಸ ವರ್ಷವೂ ಕಳೆದವು. ಪ್ರಶ್ನೆ ಇದ್ದದ್ದು ಒಂದೇ: ಸೇವೆಗಳ ಗುಣಮಟ್ಟ ಕಾಪಾಡಿಕೊಳ್ಳಲು ಬಾಡಿಗೆಯನ್ನು ಶೇ 4.8ರಷ್ಟು ಏರಿಸುವುದನ್ನು ನೀವು ಒಪ್ಪುತ್ತೀರಾ? ಜನವರಿಯ ಮಧ್ಯದಲ್ಲಿ, ವಾರದ ದಿನ ಮಧ್ಯಾಹ್ನ ಎರಡು ಗಂಟೆಗೆ, ನಮ್ಮ ಎಸ್ಟೇಟಿನ, ಅಂದರೆ ಕೌನ್ಸಿಲ್ ಮನೆಗಳ ಬಡಾವಣೆಯ, ಹಾಲ್‌ನಲ್ಲಿ ಒಂದು ಸಭೆ ಕರೆದಿದ್ದರು. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಹೋದ ನನ್ನನ್ನೂ ಸೇರಿಸಿ ಒಂಬತ್ತು ಮಂದಿ ಇದ್ದೆವು. ನನ್ನ ಮೇಲಿನ ಮನೆಯಲ್ಲಿರುವ, ಬಸ್ ಓಡಿಸಿ ನಿವೃತ್ತರಾದ ಹಿರಿಯರೊಬ್ಬರು ಕೋಟು ಸಹ ತೆಗೆಯದೆ ಎದ್ದು ನಿಂತು, ನಾವೆಲ್ಲ ಬೇಡವೆಂದರೆ ಏನಾದರೂ ಬದಲಾಗುತ್ತದೆಯೇ ಎಂದು ಕೇಳಿದರು. ಬಂದಿದ್ದ ಅಧಿಕಾರಿ ಇನ್ನೂ ಹುಡುಗ, ಪ್ರಾಮಾಣಿಕ. ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ನೋಡಿ, ಕೌನ್ಸಿಲ್‌ನ ಕ್ಯಾಬಿನೆಟ್‌ಗೆ ಹೋಗುವ ವರದಿ ಆಗಲೇ ಸಿದ್ಧವಾಗಿದೆ ಎಂದುಬಿಟ್ಟ. ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗಾಯಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನನ್ನು ಅಲ್ಲಿಗೆ ಕಳುಹಿಸಿದ ಕ್ರಮದ ಮೇಲೆ ಇದೆ.

ಕಾನೂನಿನ ಪ್ರಕಾರ ನಮ್ಮನ್ನು ಕೇಳಲೇಬೇಕೆಂಬ ಕಡ್ಡಾಯವಿಲ್ಲ ಎಂದು ನಿಮ್ಮ ಕಚೇರಿ ಉತ್ತರಿಸಬಹುದು. ಅದು ನನಗೂ ಗೊತ್ತು. 1985ರ ವಸತಿ ಕಾಯ್ದೆಯ 105ನೇ ಸೆಕ್ಷನ್ ದುರಸ್ತಿ, ಸುಧಾರಣೆ, ಕೆಡವುವಿಕೆ ಮುಂತಾದ ನಿರ್ವಹಣೆಯ ವಿಷಯಗಳಲ್ಲಿ ಬಾಡಿಗೆದಾರರ ಅಭಿಪ್ರಾಯ ಪಡೆಯಬೇಕೆಂದು ಹೇಳುತ್ತದೆ, ಆದರೆ ಬಾಡಿಗೆಯನ್ನೂ ಸೇವಾ ಶುಲ್ಕವನ್ನೂ ಅದರಿಂದ ಹೆಸರಿಟ್ಟು ಹೊರಗಿಡುತ್ತದೆ. ನಾಲ್ಕು ವಾರ ಮೊದಲು ನೋಟಿಸ್ ಕೊಟ್ಟರೆ ಸಾಕು. ಗಡಿಯಾಚೆ ಸ್ಕಾಟ್ಲೆಂಡಿನಲ್ಲಿ ಹಾಗಿಲ್ಲ: ಅಲ್ಲಿನ 2001ರ ವಸತಿ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಎಲ್ಲ ಬಾಡಿಗೆದಾರರ ಅಥವಾ ಒಂದು ವರ್ಗದ ಬಾಡಿಗೆದಾರರ ಬಾಡಿಗೆ ಏರಿಸಬೇಕೆಂದಿರುವ ಕೌನ್ಸಿಲ್, ನೋಟಿಸ್ ಕೊಡುವ ಮುನ್ನವೇ ಅವರನ್ನು ಕೇಳಬೇಕು, ಅವರು ಹೇಳಿದ್ದನ್ನು ಗಣನೆಗೆ ತೆಗೆದುಕೊಳ್ಳಬೇಕು. ಅದೇ ಹಣದುಬ್ಬರ, ಅದೇ ಪೌಂಡು. ಅಲ್ಲಿ ಹಕ್ಕಾಗಿರುವುದು ಇಲ್ಲಿ ಉಪಕಾರವಾಗಿದೆ.

ಆದರೆ ಕಡ್ಡಾಯವಿಲ್ಲದಿದ್ದರೂ ಕೇಳಲು ಹೊರಟಿರಿ, ಸಮಾಲೋಚನೆ ಎಂಬ ಹೆಸರನ್ನೂ ನೀವೇ ಇಟ್ಟಿರಿ. ಹೆಸರಿಟ್ಟ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಕಲ್ಲವೇ? ಪ್ರಸ್ತಾಪ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಕೇಳಬೇಕು, ಯೋಚಿಸಿ ಉತ್ತರಿಸಲು ಬೇಕಾದಷ್ಟು ಕಾರಣಗಳನ್ನು ಕೊಡಬೇಕು, ಸಾಕಷ್ಟು ಸಮಯ ಕೊಡಬೇಕು, ಬಂದ ಉತ್ತರಗಳನ್ನು ಮನಸ್ಸಿಟ್ಟು ಪರಿಶೀಲಿಸಬೇಕು ಎಂಬುದು 1985ರ ಗನ್ನಿಂಗ್ ಪ್ರಕರಣದಿಂದ ಈ ದೇಶದ ನ್ಯಾಯಾಲಯಗಳು ಪಾಲಿಸಿಕೊಂಡು ಬಂದಿರುವ ನಿಯಮ. ಲಂಡನ್ನಿನ ಹ್ಯಾರಿಂಗೆ ಕೌನ್ಸಿಲ್ ತನ್ನ ಕೌನ್ಸಿಲ್ ತೆರಿಗೆಯ (ಸ್ಥಳೀಯ ಮನೆ ತೆರಿಗೆಯ) ರಿಯಾಯಿತಿಯನ್ನು ಕಡಿತಗೊಳಿಸುವ ಬಗ್ಗೆ ಜನರನ್ನು ಕೇಳುವಾಗ ಬೇರೆ ದಾರಿಗಳಿವೆ ಎಂಬುದನ್ನೇ ತಿಳಿಸಿರಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಆ ಸಮಾಲೋಚನೆಯನ್ನು ಕಾನೂನುಬಾಹಿರವೆಂದು ಹೇಳಿತು. ನಮ್ಮ ಪ್ರಶ್ನಾವಳಿಯಲ್ಲೂ ಬೇರೆ ದಾರಿಯ ಸುಳಿವಿರಲಿಲ್ಲ. ನಾನು ಕೋರ್ಟಿಗೆ ಹೋಗುವ ಮಾತಾಡುತ್ತಿಲ್ಲ, ಅದಕ್ಕೆ ನನ್ನ ಬಳಿ ಹಣವೂ ಇಲ್ಲ ಬಿಡುವೂ ಇಲ್ಲ. ಆದರೆ 2017ರಲ್ಲಿ ಲಂಡನ್ನಿನ ಕೌನ್ಸಿಲ್ ವಸತಿ ಕಟ್ಟಡವಾದ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಬೆಂಕಿಗೆ ಬಲಿಯಾದ ಮೇಲೆ, ಅಲ್ಲಿ ವಾಸವಿದ್ದವರ ಎಚ್ಚರಿಕೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೆಂಬ ಕಾರಣಕ್ಕೇ 2023ರ ಸಾಮಾಜಿಕ ವಸತಿ ಕಾಯ್ದೆ ಬಂತು, ಬಾಡಿಗೆದಾರರ ಮಾತಿಗೆ ಬೆಲೆ ಕೊಡಬೇಕೆಂಬ ಮಾನದಂಡ 2024ರ ಏಪ್ರಿಲ್‌ನಿಂದ ಕೌನ್ಸಿಲ್‌ಗಳಿಗೂ ಅನ್ವಯವಾಯಿತು.

ಸಮಯವಿರಲಿಲ್ಲ ಎಂಬ ಮಾತನ್ನು ಒಪ್ಪಲಾರೆ. ಸೆಪ್ಟೆಂಬರಿನ ಹಣದುಬ್ಬರದ ಅಂಕಿ ಅಕ್ಟೋಬರ್‌ನಲ್ಲೇ ಪ್ರಕಟವಾಗುತ್ತದೆ. ನೀವು ಬಾಡಿಗೆ ನಿರ್ಧರಿಸುವುದು ಫೆಬ್ರವರಿಯಲ್ಲಿ. ನಡುವಿನ ನಾಲ್ಕು ತಿಂಗಳಲ್ಲಿ ಮೊದಲ ಎರಡು ತಿಂಗಳು ನಮ್ಮ ಪಾಲಿಗೆ ಖಾಲಿಯಾಗಿ ಕಳೆದವು.

ಇನ್ನು ಏನನ್ನು ಕೇಳಬೇಕು ಎಂಬುದು. ಒಪ್ಪುತ್ತೀರಾ ಇಲ್ಲವಾ ಎಂದರೆ ಯಾವ ಬಾಡಿಗೆದಾರನೂ ಬೇಡ ಎನ್ನುತ್ತಾನೆ. ಅದರಿಂದ ನಿಮಗೂ ಲಾಭವಿಲ್ಲ. ಶೇ 4.8 ಎಂಬುದು ಗರಿಷ್ಠ ಮಿತಿ, ಅದಕ್ಕಿಂತ ಕಡಿಮೆ ಏರಿಸಲು ನಿಮಗೆ ಅಡ್ಡಿಯಿಲ್ಲ ಎಂದು ಮೊದಲು ಹೇಳಿ. ಜೊತೆಗೇ, ಈ ವರ್ಷ ಕಡಿಮೆ ಮಾಡಿದರೆ ಮುಂದಿನ ಪ್ರತಿ ವರ್ಷದ ಏರಿಕೆಯೂ ಆ ಕಡಿಮೆ ಮೊತ್ತದ ಮೇಲೆಯೇ ಲೆಕ್ಕವಾಗುತ್ತದೆ, ಬಿಟ್ಟ ಹಣ ಹಾಗೆಯೇ ಹೋಗುತ್ತದೆ ಎಂಬುದನ್ನೂ ಮುಚ್ಚಿಡಬೇಡಿ. 2016ರಿಂದ ನಾಲ್ಕು ವರ್ಷ ಸರ್ಕಾರ ಬಾಡಿಗೆಯನ್ನು ಪ್ರತಿ ವರ್ಷ ಶೇ 1ರಷ್ಟು ಇಳಿಸಬೇಕೆಂದು ಕಟ್ಟಪ್ಪಣೆ ಮಾಡಿತು; 2023ರಲ್ಲಿ ಸೂತ್ರದ ಪ್ರಕಾರ ಶೇ 11.1 ಆಗಬೇಕಿದ್ದ ಏರಿಕೆಯನ್ನು ಶೇ 7ಕ್ಕೆ ನಿಲ್ಲಿಸಿತು. ಆ ವರ್ಷಗಳು ನಮಗೆ ಹಗುರವಾಗಿದ್ದವು, ನಿಮ್ಮ ವಸತಿ ಖಾತೆಗೆ ಹೊರೆಯಾದವು. ಇದು ನಮಗೆ ಅರ್ಥವಾಗದ ಸಂಗತಿಯಲ್ಲ. ಬಾಡಿಗೆಯ ಹಣ ಪ್ರತ್ಯೇಕ ವಸತಿ ಖಾತೆಗೆ ಹೋಗುತ್ತದೆ, ಅದನ್ನು ರಸ್ತೆಗೋ ಉದ್ಯಾನಕ್ಕೋ ಖರ್ಚು ಮಾಡುವಂತಿಲ್ಲ ಎಂಬುದು ನಮ್ಮ ಎಸ್ಟೇಟಿನಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ. ಇದನ್ನು ಹೇಳಿ, ಶೇ 4.8, 3.8, 2.8 ಎಂಬ ಮೂರು ದಾರಿಗಳನ್ನು ಮುಂದಿಟ್ಟು, ಒಂದೊಂದರಲ್ಲಿ ಎಷ್ಟು ಬಾಯ್ಲರ್, ಎಷ್ಟು ಕಿಟಕಿ ಬದಲಾಗುತ್ತವೆ, ಯಾವ ಲಿಫ್ಟ್ ಇನ್ನೊಂದು ವರ್ಷ ಕಾಯಬೇಕಾಗುತ್ತದೆ ಎಂದು ತೋರಿಸಿದರೆ, ಹೆಚ್ಚಿನದನ್ನೇ ಆರಿಸುವವರು ನಮ್ಮಲ್ಲೂ ಇದ್ದಾರೆ. ನಾನೇ ಆರಿಸಬಹುದು, ನನ್ನ ಬಾತ್‌ರೂಮಿನ ಗೋಡೆಯ ಬೂಷ್ಟು ಮೂರು ಚಳಿಗಾಲ ಕಂಡಿದೆ.

ಸೇವಾ ಶುಲ್ಕದ ಮಾತು ಬೇರೆಯೇ. ಅದಕ್ಕೆ ಬಾಡಿಗೆಯಂಥ ಕಟ್ಟುನಿಟ್ಟಾದ ಮಿತಿಯಿಲ್ಲ, ಮತ್ತು ನಾವು ನಿಜಕ್ಕೂ ತಿಳಿದು ಮಾತಾಡಬಲ್ಲ ವಿಷಯವೂ ಅದೇ. ವಾರಕ್ಕೆ ಎರಡು ಸಲ ಮೆಟ್ಟಿಲು ತೊಳೆಯುವ ಲೆಕ್ಕದಲ್ಲಿ ನಾವು ಹಣ ಕಟ್ಟುತ್ತೇವೆ, ತೊಳೆಯುವುದು ಒಂದು ಸಲ. ಎರಡನೇ ಮಹಡಿಯ ತಿರುವಿನಲ್ಲಿ ಯಾರೋ ಚೆಲ್ಲಿದ ಬಣ್ಣದ ಕಲೆ ದೀಪಾವಳಿಯಿಂದ ಯುಗಾದಿಯವರೆಗೂ ಇತ್ತು. ಸಮಾಲೋಚನೆಯಲ್ಲಿ ಇದರ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ.

ಯಾರನ್ನು ಕೇಳುತ್ತೀರಿ ಎಂಬುದೂ ಮುಖ್ಯ. ಹೌಸಿಂಗ್ ಬೆನಿಫಿಟ್ ಅಥವಾ ಯುನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವಿನಿಂದ ಪೂರ್ತಿ ಬಾಡಿಗೆ ಸಿಗುವ ಕುಟುಂಬಕ್ಕೆ ಸಾಮಾನ್ಯವಾಗಿ ಏರಿಕೆಯೂ ಅದರಿಂದಲೇ ತುಂಬಿಹೋಗುತ್ತದೆ. ಒಟ್ಟು ನೆರವಿಗೆ ಸರ್ಕಾರ ಹಾಕಿರುವ ಬೆನಿಫಿಟ್ ಮಿತಿಗೆ ಸಿಕ್ಕಿಬಿದ್ದ ಕುಟುಂಬಕ್ಕೆ ಹಾಗಾಗುವುದಿಲ್ಲ. ನೆರವಿನ ಗೆರೆಗಿಂತ ಚೂರು ಮೇಲಿರುವ ನನ್ನಂಥ ಸಂಬಳದವರು ವರ್ಷಕ್ಕೆ ಹೆಚ್ಚುವರಿ 287 ಪೌಂಡನ್ನು ಪೂರ್ತಿ ಕೈಯಿಂದ ಹಾಕುತ್ತೇವೆ. ಎಲ್ಲರ ಉತ್ತರಗಳನ್ನೂ ಒಂದೇ ರಾಶಿಗೆ ಹಾಕಿ ಇಷ್ಟು ಶೇಕಡಾ ಮಂದಿ ಒಪ್ಪಿದ್ದಾರೆ ಎಂದರೆ ಹೊರೆ ಯಾರ ಮೇಲೆ ಬೀಳುತ್ತಿದೆ ಎಂಬುದು ಕಾಣುವುದಿಲ್ಲ. ಉತ್ತರಗಳನ್ನು ಬೇರೆ ಬೇರೆಯಾಗಿ ಎಣಿಸಿ. ಆದರೆ ನೆರೆಯವರನ್ನು ಒಬ್ಬರ ಮೇಲೊಬ್ಬರು ಎತ್ತಿಕಟ್ಟುವಂತೆ ಪ್ರಶ್ನೆ ಬರೆಯಬೇಡಿ. ಇಂಟರ್ನೆಟ್ ಇಲ್ಲದವರಿಗೆ ಕಾಗದದ ನಮೂನೆ ಕಳುಹಿಸಿ. ಉತ್ತರಗಳಿಂದ ಏನು ಬದಲಾಯಿತು, ಬದಲಾಗದಿದ್ದರೆ ಏಕೆ ಎಂಬುದನ್ನು ಫೆಬ್ರವರಿಯ ನೋಟಿಸಿನ ಜೊತೆಗೇ ಒಂದು ಪುಟದಲ್ಲಿ ಬರೆದು ಕೊಡಿ.

ಅಕ್ಟೋಬರ್‌ನಲ್ಲಿ ಅಂಕಿ ಬಂದ ವಾರವೇ ನೀವು ಖುದ್ದಾಗಿ ನಮ್ಮ ಎಸ್ಟೇಟಿಗೆ ಬರಬೇಕೆಂದು ಕೋರುತ್ತೇನೆ. ಹಾಲ್‌ನ ಬೀಗದ ಕೈ ಬಾಡಿಗೆದಾರರ ಸಂಘದ ಬಳಿಯೇ ಇದೆ; ಸಂಜೆ ಏಳರ ನಂತರ ನೀವು ಹೇಳಿದ ದಿನ ಬಾಗಿಲು ತೆರೆದು, ಹೀಟರ್ ಹಾಕಿ ಇಟ್ಟಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮೂರನೇ ಮಹಡಿಯ ಒಬ್ಬ ಬಾಡಿಗೆದಾರಳು