ಕಾಡಿನ ರುಚಿ ಅಲ್ಲ, ಮೇವಿನ ರುಚಿ

ಸಂಪಾದಕರೇ,

ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಈಗಲೂ ಕೆಲವರು ಮೊಲ ಸಿಕ್ಕಿತ್ತು, ಕಾಡುಹಂದಿ ಸಿಕ್ಕಿತ್ತು ಅಂತ ಪಿಸುಮಾತಲ್ಲಿ ಹೇಳಿಕೊಂಡು ಖುಷಿಪಡುತ್ತಾರೆ. ಯಾಕ್ರಿ ಅಂತ ಕೇಳಿದರೆ 'ಅದರ ರುಚೀನೇ ಬೇರೆ ಬಿಡ್ರಿ' ಅನ್ನುತ್ತಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದು ಜೈಲಿಗೆ ಹೋಗುವ ಕೆಲಸ ಅನ್ನುವುದು ಅವರಿಗೂ ಗೊತ್ತು. ಹಾಗಾಗಿ ಕಾನೂನು ಬಿಟ್ಟು ಅವರು ಹೇಳುವ ರುಚಿಯ ಮಾತನ್ನೇ ನೋಡೋಣ.

ಕಾಡಲ್ಲಿ ಹುಟ್ಟಿದ್ದಕ್ಕೇ ಮಾಂಸಕ್ಕೆ ರುಚಿ ಬರುವುದಿಲ್ಲ. ಪ್ರಾಣಿ ಏನು ತಿಂದಿದೆ ಅನ್ನುವುದು ಮುಖ್ಯ. ಅಮೆರಿಕದಲ್ಲಿ ಪರವಾನಗಿ ಪಡೆದು ಕರಡಿ ಬೇಟೆ ಆಡುವವರು ಹಣ್ಣು ತಿಂದು ಕೊಬ್ಬಿದ ಕರಡಿಯನ್ನು ಹೊಗಳುತ್ತಾರೆ, ಸಾಲ್ಮನ್ ಮೀನು ತಿಂದ ಕರಡಿಯಾದರೆ ಮೀನಿನ ನಾತ ಅಂತ ಮೂಗು ಮುಚ್ಚುತ್ತಾರೆ. ಸ್ಪೇನಿನಲ್ಲಿ ಓಕ್ ಮರದ ಕಾಯಿ ತಿಂದ ಹಂದಿಗೆ ಭಾರೀ ಬೆಲೆ, ಅದು ಸಾಕಿದ ಹಂದಿ! ಹಂದಿ, ಕರಡಿಯಂಥವು ತಿಂದ ಕೊಬ್ಬು ಹೆಚ್ಚು ಬದಲಾಗದೆ ಮೈಗೆ ಸೇರುತ್ತದೆ. ಕುರಿ, ಜಿಂಕೆ ಮೆಲುಕು ಹಾಕುವ ಪ್ರಾಣಿಗಳು, ಅವುಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಕೊಬ್ಬನ್ನು ಮೊದಲೇ ಬದಲಾಯಿಸಿಬಿಡುತ್ತವೆ, ಆದರೂ ಹುಲ್ಲು ಮೇದದ್ದಕ್ಕೂ ಕಾಳು ತಿಂದದ್ದಕ್ಕೂ ವಾಸನೆ ಬೇರೆ ಇರುತ್ತದೆ.

ಈಗ ನಮ್ಮ ಹಂದಿಗೆ ಬರೋಣ. ರಾತ್ರಿ ಅದು ಎಲ್ಲಿರುತ್ತದೆ? ಮೆಕ್ಕೆಜೋಳದ ಹೊಲದಲ್ಲಿ, ಶೇಂಗಾ ಹೊಲದಲ್ಲಿ. ಅಂದರೆ ಇವರು ಚಪ್ಪರಿಸುವ ಕಾಡಿನ ರುಚಿ ನಮ್ಮದೇ ಬೆಳೆಯದ್ದು, ಅದನ್ನೇ ಹಾಕಿ ಸಾಕಿದ ಹಂದಿಯಲ್ಲೂ ಬಂದೀತು ಅಲ್ವಾ? ಮೇಲಾಗಿ ಬಲಿತ ಗಂಡುಹಂದಿಗೆ ಒಂದು ಗಬ್ಬು ವಾಸನೆ ಇರುತ್ತದೆ, ಯಾವ ಮಸಾಲೆಗೂ ಅದು ಪೂರ್ತಿ ಹೋಗುವುದಿಲ್ಲ. ಉರುಳಿಗೆ ಸಿಕ್ಕು ರಾತ್ರಿಯಿಡೀ ಒದ್ದಾಡಿದ, ಇಲ್ಲವೇ ನಾಯಿ ಬಿಟ್ಟು ಓಡಿಸಿ ಓಡಿಸಿ ಹಿಡಿದ ಪ್ರಾಣಿಯ ಕಥೆ ಇನ್ನೂ ಕಷ್ಟ. ಅದರ ಮೈಯಲ್ಲಿದ್ದ ಸಕ್ಕರೆ ಅಂಶ ಸಾಯುವ ಮೊದಲೇ ಖರ್ಚಾಗಿರುತ್ತದೆ, ಸತ್ತ ಮೇಲೆ ಆ ಸಕ್ಕರೆಯಿಂದ ಮಾಂಸದಲ್ಲಿ ಹುಟ್ಟಬೇಕಾದ ಹುಳಿ ಸಾಕಷ್ಟು ಹುಟ್ಟುವುದಿಲ್ಲ, ಕಪ್ಪಾಗಿ ಬಿರುಸಾಗಿ ಬೇಗ ಕೆಡುತ್ತದೆ. ಇದನ್ನು ರುಚಿ ಅನ್ನುವವರು ಸುಮ್ನೆ ಕದ್ದು ತಿಂದ ಖುಷಿಯನ್ನು ಹೊಗಳುತ್ತಿದ್ದಾರೆ ಅಂತ ನನ್ನ ಅನುಮಾನ.

ಮೇವಿನ ರುಚಿಯೇ ಬೇಕಿದ್ದರೆ ಬಯಲಲ್ಲಿ ಮೇದ ಬಳ್ಳಾರಿ ಕುರಿ ಇದೆಯಲ್ಲ. ಕರಿಜಾಲಿ ಕಾಯಿ, ಬಾರೆ ಸೊಪ್ಪು, ಒಕ್ಕಲಾದ ಮೇಲೆ ಹೊಲದಲ್ಲಿ ಉಳಿದ ಕೂಳೆ, ತೊಗರಿ ಎಲೆ, ಸಿಕ್ಕಿದ್ದೆಲ್ಲ ತಿಂದು ದಿನವಿಡೀ ನಡೆದ ಕುರಿ ಅದು. ಮಾಂಸ ಸ್ವಲ್ಪ ಬಿರುಸು, ಹದವಾದ ಉರಿಯಲ್ಲಿ ಜಾಸ್ತಿ ಹೊತ್ತು ಬೇಯಬೇಕು, ಆದರೆ ಸಾರಿನ ಘಮ ಓಣಿಗೆಲ್ಲ ಗೊತ್ತಾಗುತ್ತದೆ. ದೊಡ್ಡಿಯಲ್ಲಿ ಕಟ್ಟಿ ಮೆಕ್ಕೆಜೋಳ ಹಾಕಿ ಬೆಳೆಸಿದ ಕುರಿ ಮೆತ್ತಗೆ ಇರುತ್ತದೆ, ಕೊಬ್ಬು ಜಾಸ್ತಿ, ಅದನ್ನು ಇಷ್ಟಪಡುವವರೂ ಇದ್ದಾರೆ. ಅಂಗಡಿಯಲ್ಲಿ ಮಾತ್ರ ಎರಡಕ್ಕೂ ಒಂದೇ ರೇಟು.

ಬಯಲು ಕುರಿಗೆ ಬಯಲೇ ಉಳಿಯುತ್ತಿಲ್ಲ ಅನ್ನುವುದು ನನ್ನ ನಿಜವಾದ ಚಿಂತೆ. ದನ, ಕುರಿ ಮೇಯಲಿ ಅಂತ ಊರಿಗೆ ಬಿಟ್ಟ ಗಾಯರಾಣ ಜಮೀನು ಒತ್ತುವರಿ ಆಗುತ್ತಿದೆ, ಕುರಿಗಾರರು ಡಾಂಬರು ರಸ್ತೆ ಪಕ್ಕದಲ್ಲಿ ಮೇಯಿಸುತ್ತಿದ್ದಾರೆ. ಉಳಿದಿರುವ ಗಾಯರಾಣವನ್ನಾದರೂ ತಾಲ್ಲೂಕು ಆಡಳಿತ ಅಳತೆ ಮಾಡಿಸಿ ಕಲ್ಲು ನೆಡಿಸಲಿ. ಕುರಿ ಸಂತೆಯಲ್ಲಿ ಬಯಲಲ್ಲಿ ಮೇದ ಕುರಿಗೆ ಬೇರೆ ಸಾಲು, ಬೇರೆ ಬೆಲೆ ಇರಲಿ, ನಾಲ್ಕು ಕಾಸು ಜಾಸ್ತಿ ಆದರೂ ಕೊಳ್ಳುವವರು ನಮ್ಮಂಥವರು ಇದ್ದೇವೆ.

— ಒಬ್ಬ ಓದುಗ, ಕುಷ್ಟಗಿ